ಬಾವಿಕಟ್ಟೆಯ ಮೇಲೆ ದೇವರ ಕಟ್ಟಳೆ



ತಪಸ್ಸುಕಾಲದ ಮೂರನೆಯ ಭಾನುವಾರ, 'ಎ' ವರ್ಷದ ವಾಚನಗಳಲ್ಲಿ, ಧರ್ಮಸಭೆ ನಮ್ಮನ್ನು ಸಮಾರಿಯದ ಒಂದು ಬಾವಿಕಟ್ಟೆಗೆ ಕರೆದೊಯ್ಯುತ್ತದೆ. ನಡುಮಧ್ಯಾಹ್ನದ ಬಿಸಿಲು. ನಡೆದು ದಣಿದ ಯೇಸುಸ್ವಾಮಿ ಯಕೋಬನ ಬಾವಿಯ ಬಳಿ ಕುಳಿತಿದ್ದಾರೆ. ಕೊಡ ಹೊತ್ತು ಒಬ್ಬ ಹೆಂಗಸು ನೀರಿಗೆ ಬರುತ್ತಾಳೆ. ಸ್ವಾಮಿ ಆಕೆಗೆ ಬೋಧನೆ ಆರಂಭಿಸುವುದಿಲ್ಲ. ಮೊದಲು ಕುಡಿಯಲು ನೀರು ಕೇಳುತ್ತಾರೆ.

ಈ ಶುಭಸಂದೇಶವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಜೀವಜಲದ ಮಾತು ನಮಗೆ ನೆನಪಿದೆ, ಆಕೆಯ ಐವರು ಗಂಡಂದಿರ ಮಾತೂ ನೆನಪಿದೆ. ಆದರೆ ಸಂತ ಯೊವಾನ್ನರು ನಡುವೆ ಸೇರಿಸಿರುವ ಒಂದು ಚಿಕ್ಕ ವಿವರಣೆ ಕಿವಿಯಿಂದ ಜಾರಿಹೋಗುತ್ತದೆ. ಯೆಹೂದ್ಯರಿಗೂ ಸಮಾರಿಯರಿಗೂ ಬಳಕೆ ಇರಲಿಲ್ಲ ಎನ್ನುತ್ತಾರೆ ಅವರು. ಒಬ್ಬರು ಮುಟ್ಟಿದ ಪಾತ್ರೆಯಲ್ಲಿ ಮತ್ತೊಬ್ಬರು ಕುಡಿಯುತ್ತಿರಲಿಲ್ಲ. ಅದಕ್ಕೇ ಆ ಹೆಂಗಸಿಗೆ ಅಷ್ಟೊಂದು ಅಚ್ಚರಿ. ಎದುರಿಗೆ ಕುಳಿತ ಯೆಹೂದ್ಯ ತನ್ನ ಕೊಡದ ನೀರನ್ನು ಕೇಳುತ್ತಿದ್ದಾನೆ!

ಪಾಪನಿವೇದನೆಗೆ ಸಿದ್ಧರಾಗುವಾಗ ನಾವೆಲ್ಲ ದೇವರ ಹತ್ತು ಕಟ್ಟಳೆಗಳನ್ನು ಬೆರಳು ಮಡಚಿ ಎಣಿಸುತ್ತೇವೆ. ಕೊಲೆ ಮಾಡಿಲ್ಲ, ಕದ್ದಿಲ್ಲ, ಸುಳ್ಳು ಸಾಕ್ಷಿ ಹೇಳಿಲ್ಲ. ಎಲ್ಲವನ್ನೂ ಚಿಕ್ಕಂದಿನಿಂದ ಪಾಲಿಸಿದ್ದೇನೆ ಎಂದು ಯೇಸುವಿನ ಮುಂದೆ ಹೇಳಿದ ಆ ಶ್ರೀಮಂತ ಯುವಕನ ಹಾಗೆ ನಾವೂ ಸಮಾಧಾನ ಪಟ್ಟುಕೊಳ್ಳುತ್ತೇವೆ. ಈ ತಪಸ್ಸುಕಾಲದಲ್ಲಿ ಆ ಎಣಿಕೆಯನ್ನು ಒಂದು ಬಾವಿಕಟ್ಟೆಯ ಮೇಲೆ ನಿಂತು ಮಾಡಿದರೆ ಹೇಗೆ? ಅದಕ್ಕಾಗಿ ಸಮಾರಿಯದವರೆಗೆ ಹೋಗಬೇಕಿಲ್ಲ. ನಮ್ಮ ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನ ಯಮನೂರಿನವರೆಗೆ ಹೋದರೆ ಸಾಕು.

ಬೆಣ್ಣೆಹಳ್ಳದ ದಂಡೆಯ ಊರು

ಯಮನೂರಿನಲ್ಲಿ ನಮ್ಮ ಧರ್ಮಸಭೆಯ ಇತಿಹಾಸವನ್ನು ಹುಡುಕಲು ನಾವು ಹೋಗುತ್ತಿಲ್ಲ. ಆ ಊರಿನ ಹೆಸರು ನಾಡಿಗೆ ತಿಳಿದಿರುವುದು ಅಲ್ಲಿಯ ದರ್ಗಾದಿಂದ. ಮುಸ್ಲಿಮರು ಅಲ್ಲಿರುವ ಸಂತನನ್ನು ರಾಜಾಬಾಗಸವಾರ ಎನ್ನುತ್ತಾರೆ. ಹಿಂದೂಗಳು ಅದೇ ಸಂತನನ್ನು ಚಾಂಗದೇವ ಎಂದು ಕರೆಯುತ್ತಾರೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಜಾತ್ರೆಗೆ ಎರಡೂ ಸಮುದಾಯದ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬರುತ್ತಾರೆ. ಬಂದವರು ಊರ ಪಕ್ಕದ ಬೆಣ್ಣೆಹಳ್ಳದಲ್ಲಿ ಮೀಯುತ್ತಾರೆ. ಆ ನೀರಿನಲ್ಲಿ ಮಿಂದರೆ ಚರ್ಮದ ಬೇನೆಗಳು ವಾಸಿಯಾಗುತ್ತವೆ ಎಂಬುದು ಅವರ ನಂಬಿಕೆ. ಆ ನಂಬಿಕೆ ನಮ್ಮದಲ್ಲ. ಆದರೆ ಯಾವ ಕೇರಿ, ಯಾವ ಮತ ಎಂದು ಕೇಳದೆ ಜನ ಒಂದೇ ಹಳ್ಳಕ್ಕೆ ಇಳಿಯುವ ಆ ದೃಶ್ಯ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಹೋಳಿ ಹುಣ್ಣಿಮೆ ಹೆಚ್ಚಾಗಿ ನಮ್ಮ ತಪಸ್ಸುಕಾಲದಲ್ಲೇ ಬರುತ್ತದೆ. ಹಾಗಾಗಿ ನಾವು ದೇವಾಲಯದಲ್ಲಿ ಸಮಾರಿಯದ ಬಾವಿಯ ಕಥೆ ಕೇಳುವ ದಿನಗಳ ಆಸುಪಾಸಿನಲ್ಲೇ ಅಲ್ಲಿ ಆ ಜನಸಾಗರ ಸೇರಿರುತ್ತದೆ.

ಬೆಣ್ಣೆಹಳ್ಳ ಹೆಸರಿಗೆ ಮೃದು, ಗುಣದಲ್ಲಿ ಹಾಗಲ್ಲ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ಎರಿ ಹೊಲಗಳ ನಡುವೆ ಹರಿದು ಅದು ಕೊನೆಗೆ ಮಲಪ್ರಭೆಯನ್ನು ಸೇರುತ್ತದೆ. ಮಳೆ ಹೊಡೆದರೆ ಉಕ್ಕಿ ಬಂದು ಬೆಳೆ, ರಸ್ತೆ, ದನಕರುಗಳನ್ನು ಎಳೆದೊಯ್ಯುತ್ತದೆ. ಬೇಸಿಗೆಯಲ್ಲಿ ಬತ್ತಿ ಮಲಗುತ್ತದೆ. ಸುತ್ತಲಿನ ಎಷ್ಟೋ ಊರುಗಳಲ್ಲಿ ನೆಲದಡಿಯ ನೀರು ಸವಳು. ಬೋರ್‌ವೆಲ್ ಕೊರೆದರೂ ಕುಡಿಯಲು ಬಾರದು. ಕೆರೆ ತುಂಬಿದರೆ ನೀರು, ಇಲ್ಲದಿದ್ದರೆ ಟ್ಯಾಂಕರಿನ ದಾರಿ ಕಾಯಬೇಕು. ಹತ್ತಿ, ಕಡಲೆ, ಜೋಳ, ಹೆಸರು ಬೆಳೆಯುವ ಈ ಕಪ್ಪು ನೆಲ ಬೇಕಾದಷ್ಟು ಕೊಡಬಲ್ಲದು. ಕೊಡಲು ಅದಕ್ಕೆ ನೀರು ಬೇಕು. 1876ರಿಂದ 78ರವರೆಗಿನ ಭೀಕರ ಬರವನ್ನು ಕಂಡ ಜಿಲ್ಲೆ ಇದು. ಇಲ್ಲಿಯ ಜನರಿಗೆ ನೀರಿನ ಬೆಲೆಯನ್ನು ಯಾರೂ ಉಪದೇಶ ಮಾಡಬೇಕಾಗಿಲ್ಲ. ಅತಿಥಿ ಹೊಸ್ತಿಲು ದಾಟಿದ ಕೂಡಲೇ ತಂಬಿಗೆ ನೀರು, ಜೊತೆಗೆ ಬೆಲ್ಲದ ಚೂರು ಕೊಡುವ ಪದ್ಧತಿ ಈ ಸೀಮೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ಇಸಾಕನ ಮೂರು ಬಾವಿಗಳು

ನೀರಿಗಾಗಿ ಜಗಳ ಹೊಸದಲ್ಲ. ಆದಿಕಾಂಡದ 26ನೆಯ ಅಧ್ಯಾಯದಲ್ಲಿ ಇದರ ಇತಿಹಾಸವೇ ಇದೆ. ನಾಡಿಗೆ ಬರ ಬಂದಾಗ ಇಸಾಕನು ಗೆರಾರಿಗೆ ಹೋಗಿ ನೆಲೆಸುತ್ತಾನೆ. ಬಿತ್ತಿದ್ದು ನೂರ್ಮಡಿ ಬೆಳೆಯುತ್ತದೆ. ಅದನ್ನು ಕಂಡ ಫಿಲಿಷ್ಟಿಯರು ಹೊಟ್ಟೆಕಿಚ್ಚಿನಿಂದ ಅವನ ತಂದೆ ಅಬ್ರಹಾಮನ ಕಾಲದ ಬಾವಿಗಳಿಗೆಲ್ಲ ಮಣ್ಣು ಸುರಿದು ಮುಚ್ಚುತ್ತಾರೆ. ತಮಗೂ ಉಪಯೋಗಕ್ಕೆ ಬರುವ ಬಾವಿಯನ್ನು ಮುಚ್ಚಿಹಾಕುವ ದ್ವೇಷ ಅದು!

ಅಲ್ಲಿಂದ ಹೊರಟ ಇಸಾಕನು ತಗ್ಗಿನಲ್ಲಿ ಗುಡಾರ ಹಾಕುತ್ತಾನೆ. ಅವನ ಆಳುಗಳು ತೋಡಿದ ಮೊದಲ ಬಾವಿಯಲ್ಲಿ ಒರತೆ ಸಿಕ್ಕ ಕೂಡಲೇ ಸ್ಥಳೀಯ ಕುರುಬರು ಬಂದು ನೀರು ತಮ್ಮದು ಎನ್ನುತ್ತಾರೆ. ಇಸಾಕನು ಆ ಬಾವಿಗೆ ಏಸೆಕ್, ಅಂದರೆ ಜಗಳ, ಎಂದು ಹೆಸರಿಡುತ್ತಾನೆ. ಎರಡನೆಯ ಬಾವಿಗೂ ಅದೇ ಗತಿ. ಅದರ ಹೆಸರು ಸಿಟ್ನಾ, ಅಂದರೆ ಹಗೆತನ. ಅವನು ಮತ್ತೂ ಮುಂದೆ ಹೋಗಿ ಮೂರನೆಯದನ್ನು ತೋಡಿಸುತ್ತಾನೆ. ಆ ಬಾವಿಗಾಗಿ ಯಾರೂ ಜಗಳಕ್ಕೆ ಬರಲಿಲ್ಲ. ಅದಕ್ಕೆ ರೆಹೋಬೋತ್ ಎಂದು ಹೆಸರಾಯಿತು. ಎಲ್ಲರಿಗೂ ಸ್ಥಳವಿದೆ ಎಂಬುದು ಅದರ ಭಾವ. ಕಥೆಯ ಕೊನೆಯೂ ಸೊಗಸಾಗಿದೆ. ಅವನನ್ನು ಹೊರಗಟ್ಟಿದ ಅರಸ ಅಬೀಮೆಲೆಕನೇ ಹುಡುಕಿಕೊಂಡು ಬರುತ್ತಾನೆ. ಇಬ್ಬರೂ ಕೂತು ಊಟ ಮಾಡಿ ಶಾಂತಿಯ ಒಪ್ಪಂದ ಮಾಡಿಕೊಳ್ಳುತ್ತಾರೆ.

ಪ್ರಿಯರೇ, ಏಸೆಕ್, ಸಿಟ್ನಾ, ರೆಹೋಬೋತ್. ಜಗಳ, ಹಗೆತನ, ಎಲ್ಲರಿಗೂ ಸ್ಥಳ. ನಮ್ಮ ಸೀಮೆಯ ಕಳೆದ ಐವತ್ತು ವರ್ಷಗಳ ಇತಿಹಾಸವನ್ನು ಈ ಮೂರು ಹೆಸರುಗಳ ಬೆಳಕಿನಲ್ಲಿ ಓದಿ ನೋಡೋಣ.

ಅಣೆಕಟ್ಟು ಬಂತು, ನೀರು ಬರಲಿಲ್ಲ

ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು 1970ರ ದಶಕದಲ್ಲಿ ಈ ಭಾಗದ ರೈತರಿಗೆ ದೊಡ್ಡ ಆಸೆ ತಂದಿತು. ಕಾಲುವೆಗಳು ಬಂದವು. ಆದರೆ ಕಾಲುವೆ ಬಂದ ಕಡೆಯೆಲ್ಲ ನೀರು ಬರಲಿಲ್ಲ. ನೀರು ಬಂದ ಕೆಲವು ಕಡೆ ಹೊಲ ಜವಳಾಯಿತು. ಇಷ್ಟರಲ್ಲಿ ನೀರಾವರಿಯಿಂದ ಜಮೀನಿನ ಬೆಲೆ ಏರಿದೆಯೆಂದು ರೈತರ ಮೇಲೆ ಅಭಿವೃದ್ಧಿ ಕರ ಬಿತ್ತು. ನೀರು ಕಾಣದ ಹೊಲದ ಒಡೆಯನಿಗೂ ಕರದ ನೋಟಿಸು ಬಂತು ಎಂಬುದು ರೈತರ ಕೊರಗು.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ರೈತರ ಪ್ರತಿಭಟನೆ ರಕ್ತಪಾತದಲ್ಲಿ ಕೊನೆಗೊಂಡಿತು. ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಉದ್ರಿಕ್ತ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಆ ಕಿಚ್ಚು ರಾಜ್ಯವನ್ನೆಲ್ಲ ಹಬ್ಬಿತು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಆ ವರ್ಷವೇ. ಇಂದಿಗೂ ಪ್ರತಿ ಜುಲೈ 21ರಂದು ಈ ಸೀಮೆಯಲ್ಲಿ ರೈತ ಹುತಾತ್ಮರ ದಿನ ನಡೆಯುತ್ತದೆ.

ಆ ದಿನದ ಲೆಕ್ಕವನ್ನು ದೇವರ ಐದನೆಯ ಕಟ್ಟಳೆಯ ಮುಂದೆ ಇಟ್ಟರೆ ಏನು ಕಾಣುತ್ತದೆ? ಸತ್ತ ರೈತನೂ ಒಬ್ಬ ತಾಯಿಯ ಮಗ, ಸತ್ತ ಪೊಲೀಸನೂ ಒಬ್ಬ ತಾಯಿಯ ಮಗ. ಸಮವಸ್ತ್ರ ತೆಗೆದರೆ ಅವನೂ ಬಹುಶಃ ಎರಿ ಹೊಲದಲ್ಲೇ ಹುಟ್ಟಿ ಬೆಳೆದವನು. ಹಕ್ಕು ಕೇಳುವುದು ಪಾಪವಲ್ಲ. ಅನ್ಯಾಯದ ಎದುರು ಬಾಯಿ ಮುಚ್ಚಿಕೊಂಡಿರಿ ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಪ್ರವಾದಿ ಆಮೋಸನ ಕೂಗನ್ನು ನಾವು ಬಲಿಪೂಜೆಯಲ್ಲೇ ಓದುತ್ತೇವಲ್ಲ! ಆದರೆ ನಮ್ಮ ನ್ಯಾಯ ಎಷ್ಟೇ ದೊಡ್ಡದಾಗಿದ್ದರೂ ಅದು ಮತ್ತೊಬ್ಬನ ಜೀವ ತೆಗೆಯುವ ಪರವಾನಗಿಯಲ್ಲ. ಹಾಗೆಯೇ ಸರ್ಕಾರದ ಆಜ್ಞೆ ಎಷ್ಟೇ ಮೇಲಿನಿಂದ ಬಂದಿದ್ದರೂ ಅದು ಬಡವನ ಮೈಮೇಲೆ ಮನಸ್ಸಿಗೆ ಬಂದಂತೆ ಕೈ ಮಾಡಲು ಪರವಾನಗಿಯಲ್ಲ.

ಒಂದೇ ಬೆಟ್ಟದಲ್ಲಿ ಹುಟ್ಟಿದ ಅಕ್ಕತಂಗಿಯರು

ಮುಂದಿನ ಜಗಳ ಇನ್ನೂ ದೊಡ್ಡದು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದಟ್ಟ ಕಾಡಿನ ಬೆಟ್ಟಗಳಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಹದಾಯಿ ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತಾಳೆ. ಮಹದಾಯಿಯ ಕಡೆಗೆ ಹರಿಯುವ ಕಳಸಾ ಮತ್ತು ಬಂಡೂರಿ ಹಳ್ಳಗಳ ಒಂದಿಷ್ಟು ನೀರನ್ನು ಮಲಪ್ರಭೆಗೆ ತಿರುಗಿಸಿದರೆ ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿ, ಗದಗ ಜಿಲ್ಲೆಗಳ ಊರುಗಳಿಗೆ ಕುಡಿಯುವ ನೀರು ಸಿಗುತ್ತದೆ ಎಂಬುದು ಕರ್ನಾಟಕದ ಬೇಡಿಕೆ. ನದಿಯ ಹರಿವು ತಗ್ಗಿದರೆ ಕಾಡು ಸೊರಗೀತು, ಸಮುದ್ರದ ಉಪ್ಪುನೀರು ಒಳಗೆ ನುಗ್ಗೀತು, ಕುಡಿಯುವ ನೀರಿಗೆ ಕುತ್ತು ಬಂದೀತು ಎಂಬುದು ಗೋವೆಯ ಭಯ.

2002ರಲ್ಲಿ 7.56 ಟಿಎಂಸಿ ನೀರಿಗೆ ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ಕೊಟ್ಟಿತು. ಗೋವೆಯ ವಿರೋಧದಿಂದ ಅದೇ ವರ್ಷ ಆ ಒಪ್ಪಿಗೆ ಅಮಾನತಿನಲ್ಲಿ ಉಳಿಯಿತು. 2010ರಲ್ಲಿ ನ್ಯಾಯಾಧಿಕರಣ ರಚನೆಯಾಯಿತು. ವರ್ಷಗಳು ಉರುಳಿದವು. 2015ರ ಜುಲೈಯಲ್ಲಿ ನರಗುಂದದ ರೈತರು ಅನಿರ್ದಿಷ್ಟ ಧರಣಿ ಕುಳಿತರು. 2016ರ ಜುಲೈ 27ರಂದು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ನ್ಯಾಯಾಧಿಕರಣ ತಳ್ಳಿಹಾಕಿದ ಸುದ್ದಿ ಬಂದಾಗ ನವಲಗುಂದ ಸಿಡಿಯಿತು. ಸರ್ಕಾರಿ ಕಚೇರಿಗಳಿಗೆ ಹಾನಿಯಾಯಿತು. ಅದರ ಬೆನ್ನಿಗೇ ಪೊಲೀಸರು ಹಳ್ಳಿಗಳಿಗೆ ಬಂದರು. ಯಮನೂರಿನಲ್ಲಿ ಮುದುಕರು, ಹೆಂಗಸರು ಎನ್ನದೆ ಲಾಠಿ ಬೀಸಿದ ದೃಶ್ಯಗಳನ್ನು ಇಡೀ ನಾಡು ಟಿವಿಯಲ್ಲಿ ನೋಡಿತು. ಹಿಂದೂ ಮುಸ್ಲಿಮರು ಒಟ್ಟಿಗೆ ಮೀಯುವ ಹಳ್ಳದ ಊರು ಆ ವಾರ ಏಟು ತಿಂದವರ ಊರಾಗಿ ಹೆಸರಾಯಿತು.

2018ರ ಆಗಸ್ಟ್ 14ರಂದು ನ್ಯಾಯಾಧಿಕರಣ ತನ್ನ ತೀರ್ಪು ನೀಡಿತು. ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಸಿಕ್ಕಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಗೋವೆಗೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. 2020ರ ಫೆಬ್ರುವರಿಯಲ್ಲಿ ತೀರ್ಪು ರಾಜಪತ್ರದಲ್ಲಿ ಪ್ರಕಟವಾಯಿತು. ಆಮೇಲೂ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಂದುವರಿಯಿತು. ಯಾರದು ಸರಿ, ಎಷ್ಟು ಟಿಎಂಸಿ ಸರಿ ಎಂದು ಹೇಳುವುದು ಈ ಪುಟದ ಕೆಲಸವಲ್ಲ. ಅದಕ್ಕೆ ತಿಳಿದವರಿದ್ದಾರೆ, ನ್ಯಾಯಾಲಯಗಳಿವೆ. ಜಗಳದ ಬಾವಿ ಹಗೆತನದ ಬಾವಿಯಾದಾಗ ನಮ್ಮ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಕೇಳಿಕೊಳ್ಳುವುದು ಮಾತ್ರ ನಮ್ಮ ಕೆಲಸ.

ಗಡಿ ನಮ್ಮ ಮನೆಯೊಳಗೇ ಇದೆ

ಈ ಜಗಳದಲ್ಲಿ ಕಥೋಲಿಕರಾದ ನಾವು ಪಕ್ಕಕ್ಕೆ ನಿಂತು ನೋಡುವವರಲ್ಲ. ಗೋವೆಯ ಧರ್ಮಸಭೆಗೂ ನಮಗೂ ಇರುವ ನಂಟು ಹಳೆಯದು. ಪೋರ್ಚುಗಲ್ ಮತ್ತು ರೋಮಿನ ನಡುವೆ 1950ರಲ್ಲಿ ಒಪ್ಪಂದವಾದ ಬಳಿಕ, 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾಯಿತು. ಅದಕ್ಕೂ ಮೊದಲು ಈ ಭಾಗದ ಎಷ್ಟೋ ಧರ್ಮಕೇಂದ್ರಗಳು ಗೋವೆಯ ಮಹಾಧರ್ಮಾಧ್ಯಕ್ಷರ ಪಾಲನೆಯಲ್ಲಿದ್ದವು. ಬೆಳಗಾವಿ, ಖಾನಾಪುರ, ಧಾರವಾಡ, ಹುಬ್ಬಳ್ಳಿಯ ಕಥೋಲಿಕ ಮನೆಗಳಲ್ಲಿ ಕೊಂಕಣಿ ಆಡುವವರು ಇದ್ದಾರೆ, ಕನ್ನಡ ಆಡುವವರು ಇದ್ದಾರೆ, ಮರಾಠಿ ಆಡುವವರೂ ಇದ್ದಾರೆ. ಎಷ್ಟೋ ಮನೆಗಳ ಹೆಣ್ಣುಮಕ್ಕಳನ್ನು ಗೋವೆಗೆ ಕೊಟ್ಟಿದ್ದೇವೆ, ಅಲ್ಲಿಂದ ಸೊಸೆಯಂದಿರನ್ನು ತಂದಿದ್ದೇವೆ.

ಇನ್ನೊಂದು ಮಾತು. ಡಿಸೆಂಬರ್ 3ರ ಹಬ್ಬಕ್ಕೆ ನಮ್ಮ ಕಡೆಯ ಭಕ್ತರು ಹಳೆಯ ಗೋವೆಗೆ ಹೋಗುತ್ತಾರೆ. ಕಾಲ್ನಡಿಗೆಯಲ್ಲೇ ಘಟ್ಟ ಇಳಿದು ಹೋಗುವವರೂ ಇದ್ದಾರೆ. ಸಂತ ಫ್ರಾನ್ಸಿಸ್ ಝೇವಿಯರ್ 1542ರಲ್ಲಿ ಬಂದಿಳಿದ ಊರು ಅದು, ಅವರ ಪವಿತ್ರ ಶರೀರವಿರುವ ಬಾಮ್ ಜೀಸಸ್ ಬಸಿಲಿಕಾ ಇರುವುದೂ ಅಲ್ಲೇ. ಆ ಹಳೆಯ ಗೋವೆ ನಿಂತಿರುವುದು ಯಾವ ನದಿಯ ದಂಡೆಯ ಮೇಲೆ? ಮಾಂಡೋವಿಯ ದಂಡೆಯ ಮೇಲೆ. ಅದೇ ಮಹದಾಯಿ. ನಾವು ಕೈಮುಗಿದು ನಿಲ್ಲುವ ದಂಡೆಯ ನೀರಿಗಾಗಿಯೇ ನಮ್ಮ ಯಮನೂರಿನ ಜನ ಏಟು ತಿಂದರು!

ಹಾಗಿದ್ದಮೇಲೆ, ನಮ್ಮ ಹೊಲ ಒಣಗಿದಾಗ ಗೋವೆಯವರನ್ನು ಶಪಿಸುವ ಬಾಯಲ್ಲೇ ನಾವು ಸಂತ ಝೇವಿಯರರ ಪ್ರಾರ್ಥನೆ ಹೇಳಲು ಸಾಧ್ಯವೇ? ನಮ್ಮ ಬಾಯಾರಿಕೆಯನ್ನು ಕಂಡೂ ಕಾಣದಂತೆ ಗೋವೆಯ ಕ್ರೈಸ್ತ ಸಹೋದರರು ಅದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಲು ಸಾಧ್ಯವೇ? ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ಸಹೋದರನ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ರಾಜಿಯಾಗಬೇಕೆಂದು ಸ್ವಾಮಿ ಹೇಳಿದ್ದಾರೆ. ಗಡಿಯ ಕಲ್ಲು ಇರುವ ಜಾಗದಲ್ಲಿ ಈ ಮಾತಿಗೆ ರಿಯಾಯಿತಿ ಕೊಟ್ಟಿಲ್ಲ.

ಯಾರ ಕೊಡ, ಯಾರ ಲೋಟ?

ನದಿಯ ಜಗಳ ದೊಡ್ಡದು, ನಮ್ಮ ಕೈಗೆ ಸಿಕ್ಕದು ಎಂದು ನುಣುಚಿಕೊಳ್ಳಬಹುದು. ಆದರೆ ಸಮಾರಿಯದ ಬಾವಿ ಇನ್ನೊಂದು ಪ್ರಶ್ನೆಯನ್ನು ಮನೆಯ ಅಡುಗೆಮನೆಗೇ ತರುತ್ತದೆ.

ನಮ್ಮ ನಾಡಿನಲ್ಲಿ ಬಾವಿಗಳಿಗೂ ಜಾತಿ ಇತ್ತು. ಊರ ಬಾವಿಯ ಮೆಟ್ಟಿಲು ಕೆಲವರಿಗೆ ಮುಚ್ಚಿತ್ತು. ಅವರು ದೂರ ನಿಂತು, ಯಾರಾದರೂ ಕನಿಕರದಿಂದ ಕೊಡಕ್ಕೆ ನೀರು ಸುರಿಯಲಿ ಎಂದು ಗಂಟೆಗಟ್ಟಲೆ ಕಾಯಬೇಕಿತ್ತು. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಪ್ರಾಂತ್ಯದ ಶಾಸನಸಭೆ 1923ರಲ್ಲಿ ಸಾರ್ವಜನಿಕ ಬಾವಿ, ಕೆರೆಗಳು ಎಲ್ಲರಿಗೂ ತೆರೆದಿರಬೇಕೆಂದು ಗೊತ್ತುವಳಿ ಮಾಡಿತು. ಕಾಗದದ ಮೇಲೆ ತೆರೆದ ಕೆರೆ ನಿಜದಲ್ಲಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗೆ ನಡೆದು ಬೊಗಸೆಯಲ್ಲಿ ನೀರು ಕುಡಿದರು. ಅದಕ್ಕಾಗಿ ಅವರ ಜನ ಏಟು ತಿಂದರು. ಕೆರೆಯನ್ನು 'ಶುದ್ಧಿ' ಮಾಡಲಾಯಿತು. ನ್ಯಾಯಾಲಯದಲ್ಲಿ ಅವರ ಹಕ್ಕು ಸ್ಥಿರವಾಗುವ ಹೊತ್ತಿಗೆ 1937 ಆಗಿತ್ತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಭೇದಭಾವವನ್ನು ನಿಷೇಧಿಸಿತು.

ಇದು ಬೇರೆಯವರ ಪಾಪ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರತಂದಾಗ, ಧರ್ಮಸಭೆಯ ಒಳಗೂ ಜಾತಿಭೇದ ಉಳಿದಿದೆ ಎಂದು ಒಪ್ಪಿಕೊಂಡು ಅದನ್ನು ಘೋರ ಪಾಪವೆಂದು ಕರೆಯಿತು. ದೀಕ್ಷಾಸ್ನಾನದ ಒಂದೇ ನೀರಿನಲ್ಲಿ ಮಿಂದು ಬಂದ ನಾವು ಕುಡಿಯುವ ನೀರಿನಲ್ಲಿ ಭೇದ ಮಾಡಿದರೆ, ಮಿಂದದ್ದರ ಅರ್ಥವಾದರೂ ಏನು? ಮನೆಗೆಲಸಕ್ಕೆ ಬರುವ ಅಕ್ಕನಿಗೆ ನಮ್ಮ ಮನೆಯಲ್ಲಿ ಬೇರೆ ಲೋಟ ಇಟ್ಟಿಲ್ಲವೇ? ಹೊಲದಲ್ಲಿ ದುಡಿಯುವವನಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿದದ್ದಿಲ್ಲವೇ? ಪಾಪನಿವೇದನೆಯ ಪೀಠದಲ್ಲಿ ಈ ಲೋಟದ ಮಾತನ್ನು ನಮ್ಮಲ್ಲಿ ಎಷ್ಟು ಜನ ಎತ್ತಿದ್ದೇವೆ? ಸ್ವಾಮಿ ಸಮಾರಿಯದವಳ ಕೊಡದಿಂದಲೇ ನೀರು ಕೇಳಿದ್ದನ್ನು ನೆನೆದರೆ ನಮ್ಮ ತಲೆ ತಾನಾಗಿ ತಗ್ಗುತ್ತದೆ.

ಕಟ್ಟಳೆಗಳನ್ನು ಇಂದು ಪಾಲಿಸುವುದು

ದೇವರ ಕಟ್ಟಳೆಗಳೆಲ್ಲ ಎರಡೇ ಮಾತಿನಲ್ಲಿ ಅಡಗಿವೆ ಎಂದು ಯೇಸುಸ್ವಾಮಿ ಕಲಿಸಿದರು. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವುದು, ನೆರೆಯವನನ್ನು ನಮ್ಮಂತೆಯೇ ಪ್ರೀತಿಸುವುದು. ನೆರೆಯವನು ಯಾರು ಎಂದು ಕೇಳಿದ ಧರ್ಮಶಾಸ್ತ್ರಿಗೆ ಅವರು ಉತ್ತರವಾಗಿ ತೋರಿಸಿದ್ದೂ ಒಬ್ಬ ಸಮಾರಿಯನನ್ನೇ. ಹಾಗಾದರೆ ಹಳ್ಳದ ಈಚೆ ದಂಡೆಯವನು ಮಾತ್ರ ನೆರೆಯವನಲ್ಲ, ಆಚೆ ದಂಡೆಯವನೂ ನೆರೆಯವನೇ. ಈಗ ಬಾವಿಕಟ್ಟೆಯ ಮೇಲೆ ನಿಂತು ಕಟ್ಟಳೆಗಳನ್ನು ಮತ್ತೊಮ್ಮೆ ಎಣಿಸೋಣ.

ಕೊಲೆ ಮಾಡಬೇಡ ಎಂಬ ಐದನೆಯ ಕಟ್ಟಳೆ ನಮ್ಮ ಕೈಗಷ್ಟೇ ಹೇಳಿದ್ದಲ್ಲ, ನಾಲಗೆಗೂ ಹೇಳಿದ್ದು. ಚಳವಳಿಗೆ ಹೋಗುವ ನಮ್ಮ ಯುವಕರು ಕಲ್ಲು ಎತ್ತದಿರಲಿ. ಪೊಲೀಸ್ ಇಲಾಖೆಯಲ್ಲಿ ದುಡಿಯುವ ನಮ್ಮ ಮಕ್ಕಳು, ಸೈನಿಕರಿಗೆ ಸ್ನಾನಿಕ ಯೊವಾನ್ನರು ಕೊಟ್ಟ ಬುದ್ಧಿವಾದವನ್ನು ನೆನೆಯಲಿ. ಬಲ ಕೈಯಲ್ಲಿದೆಯೆಂದು ಜನರನ್ನು ಪೀಡಿಸಬಾರದು ಎಂದೇ ಅವರು ಹೇಳಿದ್ದರು.

ಕದಿಯಬೇಡ ಎಂಬುದು ಏಳನೆಯ ಕಟ್ಟಳೆ. ಭೂಮಿಯ ಸಂಪತ್ತನ್ನು ದೇವರು ಎಲ್ಲ ಮನುಷ್ಯರಿಗಾಗಿ ಕೊಟ್ಟಿದ್ದಾರೆ ಎಂಬ ಹಳೆಯ ಬೋಧನೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮತ್ತೆ ಎತ್ತಿ ಹೇಳಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ತಮ್ಮ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಕುಡಿಯಲು ಯೋಗ್ಯವಾದ ನೀರು ಪ್ರತಿಯೊಬ್ಬ ಮನುಷ್ಯನ ಮೂಲಭೂತ ಹಕ್ಕು ಎಂದು ಬೋಧಿಸಿದರು. ಆ ಪತ್ರ ಪ್ರಕಟವಾದದ್ದು ಜೂನ್ ತಿಂಗಳಲ್ಲಿ, ನರಗುಂದದ ಧರಣಿ ಆರಂಭವಾದದ್ದು ಅದೇ ವರ್ಷದ ಜುಲೈಯಲ್ಲಿ! ಈ ಬೋಧನೆ ರಾಜ್ಯಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ಕಾಲುವೆಯ ತಲೆಯಲ್ಲಿ ಹೊಲವಿರುವವನು ರಾತ್ರಿ ತೂಬು ತೆರೆದು, ಕೊನೆಯ ಹೊಲದವನ ಪಾಲನ್ನು ತನ್ನ ಬೆಳೆಗೆ ಹರಿಸಿಕೊಂಡರೆ ಅದು ಕಳ್ಳತನವೇ. ಪಕ್ಕದವನ ಬಾವಿ ಬತ್ತುವುದೆಂದು ಗೊತ್ತಿದ್ದೂ ಇನ್ನೂ ಆಳಕ್ಕೆ ಕೊರೆಸುವುದು, ಊರ ಬರಗಾಲದಲ್ಲಿ ಟ್ಯಾಂಕರ್ ನೀರಿಗೆ ಬಾಯಿಗೆ ಬಂದ ಬೆಲೆ ಹೇಳುವುದು, ಕೂಲಿಯವರ ದುಡ್ಡನ್ನು ನಾಳೆ ನಾಳೆ ಎಂದು ತಳ್ಳುವುದು, ಇವೆಲ್ಲ ಯಾವ ಕಟ್ಟಳೆಯ ಕೆಳಗೆ ಬರುತ್ತವೆ ಎಂದು ನಮ್ಮ ಅಂತಃಕರಣಕ್ಕೆ ಗೊತ್ತಿದೆ.

ಸುಳ್ಳು ಸಾಕ್ಷಿ ಹೇಳಬೇಡ ಎಂಬ ಎಂಟನೆಯ ಕಟ್ಟಳೆ ಇಂದು ನಮ್ಮ ಅಂಗಿಯ ಜೇಬಿನಲ್ಲಿದೆ. ಗೋವೆಯವರು ಹೀಗೆ ಮಾಡಿದರು, ಆ ಮತದವರು ಹಾಗೆ ಮಾಡಿದರು ಎಂಬ ಸುದ್ದಿ ಮೊಬೈಲಿಗೆ ಬಂದ ಕೂಡಲೇ ನಿಜವೋ ಸುಳ್ಳೋ ನೋಡದೆ ಹತ್ತು ಜನರಿಗೆ ಕಳಿಸುತ್ತೇವೆ. ಜಗಳದ ಬಾವಿಯನ್ನು ಹಗೆತನದ ಬಾವಿಯಾಗಿಸುವುದು ಹೆಚ್ಚಾಗಿ ಇಂಥ ಮಾತುಗಳೇ. ಇನ್ನು ನೆರೆಯವನ ಸೊತ್ತಿಗೆ ಆಸೆಪಡಬೇಡ ಎಂಬ ಹತ್ತನೆಯ ಕಟ್ಟಳೆ. ನಮಗೆ ಬೇಕಾದಷ್ಟು ಕೇಳುವುದು ಅಗತ್ಯ, ಎಷ್ಟು ಸಿಕ್ಕರೂ ಸಾಲದೆನ್ನುವುದು ದುರಾಸೆ. ನೀರನ್ನು ಉಳಿಸದೆ, ಕೆರೆಯ ಹೂಳು ತೆಗೆಯದೆ, ಮಳೆ ನೀರನ್ನು ಹಳ್ಳಕ್ಕೆ ಹರಿಯಬಿಟ್ಟು, ಆಮೇಲೆ ಬೇರೆಯವರ ನದಿಯತ್ತ ಮಾತ್ರ ಕೈ ಚಾಚಿದರೆ ನಮ್ಮ ಬೇಡಿಕೆಗೆ ಬಲ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಪಾಲಿಸಿದರೆ ನಮ್ಮ ಪಾಲು ನಷ್ಟವಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಆಗಬಹುದು. ಇಸಾಕನಿಗೂ ಎರಡು ಬಾವಿ ನಷ್ಟವಾಯಿತು. ಅವನು ದುರ್ಬಲನಾಗಿ ಬಿಟ್ಟುಕೊಟ್ಟವನಲ್ಲ, ಆಗಲೇ ದೊಡ್ಡ ಬಲಾಢ್ಯನಾಗಿದ್ದ ಎಂದೇ ಪವಿತ್ರ ಗ್ರಂಥ ಹೇಳುತ್ತದೆ. ಆದರೆ ಮೂರನೆಯ ಬಾವಿಯನ್ನು ತೋಡುವ ಬಲ ಉಳಿದದ್ದು ಹಗೆತನದಲ್ಲಿ ತನ್ನ ಬಲವನ್ನೆಲ್ಲ ಸುರಿಯದ ಅವನಿಗೇ.

ಒಂದು ಅರವಟ್ಟಿಗೆ

ಈ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳು ಒಂದು ಸಣ್ಣ ಕೆಲಸ ಮಾಡಬಹುದು. ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿಹೋಕರಿಗಾಗಿ ಅರವಟ್ಟಿಗೆ ಇಡುತ್ತಿದ್ದರು. ಮರದ ಕೆಳಗೆ ಒದ್ದೆ ಮರಳಿನ ಮೇಲೆ ಮಣ್ಣಿನ ಹರವಿ, ಪಕ್ಕದಲ್ಲಿ ಒಂದು ಲೋಟ. ನಮ್ಮ ದೇವಾಲಯದ ಗೇಟಿನ ಬಳಿ ಅಂಥದೊಂದನ್ನು ಇಡೋಣ. ಸರದಿಯ ಮೇಲೆ ಒಂದೊಂದು ಮನೆಯವರು ಅದನ್ನು ತುಂಬಿಸಲಿ, ಮಕ್ಕಳು ಲೋಟ ತೊಳೆದಿಡಲಿ. ಲೋಟ ಒಂದೇ ಇರಲಿ. ಯಮನೂರಿನ ಜಾತ್ರೆಗೆ ನಡೆದು ಹೋಗುವವನೂ ಕುಡಿಯಲಿ, ಹೊಲದ ಕೂಲಿಯವನೂ ಕುಡಿಯಲಿ, ಬಂದೋಬಸ್ತಿಗೆ ನಿಂತ ಪೊಲೀಸನೂ ಕುಡಿಯಲಿ, ಗೋವೆಯಿಂದ ಬಂದ ಲಾರಿಯ ಚಾಲಕನೂ ಕುಡಿಯಲಿ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದು ಎಂದು ಸ್ವಾಮಿಯೇ ಮಾತು ಕೊಟ್ಟಿದ್ದಾರಲ್ಲವೇ?

ಅರವಟ್ಟಿಗೆಯಿಂದ ಮಹದಾಯಿಯ ವ್ಯಾಜ್ಯ ಮುಗಿಯುವುದಿಲ್ಲ. ಅದು ನಮಗೆ ಗೊತ್ತು. ಆದರೆ ನಾಳೆ ಆ ವ್ಯಾಜ್ಯವನ್ನು ಮುಗಿಸಬೇಕಾದ ಮಕ್ಕಳು ಇಂದು ನಮ್ಮ ಮನೆಯಲ್ಲಿದ್ದಾರೆ. ನೀರನ್ನು ಯಾರಿಗೆ, ಯಾವ ಲೋಟದಲ್ಲಿ, ಎಂಥ ಮುಖದಿಂದ ಕೊಡಬೇಕು ಎಂಬುದನ್ನು ಅವರು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ದೇವರ ಕಟ್ಟಳೆಯ ಮೊದಲ ಪಾಠಶಾಲೆ ಮನೆಯೇ.

ಸಮಾರಿಯದ ಆ ಹೆಂಗಸು ಕೊನೆಗೆ ತನ್ನ ಕೊಡವನ್ನು ಬಾವಿಯ ಬಳಿಯೇ ಬಿಟ್ಟು ಊರೊಳಗೆ ಓಡಿದಳು. ಇಡೀ ಊರನ್ನು ಕರೆತಂದಳು. ಊರವರು ಯೇಸುವನ್ನು ತಮ್ಮಲ್ಲಿ ಉಳಿಯುವಂತೆ ಬೇಡಿಕೊಂಡರು. ಯೆಹೂದ್ಯರಾದ ಸ್ವಾಮಿ ಮತ್ತು ಶಿಷ್ಯರು ಎರಡು ದಿನ ಸಮಾರಿಯರ ಊರಿನಲ್ಲಿ ತಂಗಿದರು. ಬಳಕೆ ಇಲ್ಲದ ಎರಡು ಜನಾಂಗಗಳ ನಡುವೆ ಬಳಕೆ ಆರಂಭವಾದದ್ದು ಒಂದು ಕೊಡ ನೀರಿನಿಂದ.

ಸರ್ವರ ತಂದೆಯಾದ ದೇವರೇ, ಒಂದೇ ಬೆಟ್ಟದಿಂದ ಎರಡು ನದಿಗಳನ್ನು ಹರಿಸಿದವರು ನೀವು. ಎರಡೂ ದಂಡೆಯ ಜನರ ಬಾಯಾರಿಕೆ ನಿಮಗೆ ಗೊತ್ತು. ನಮ್ಮ ಜಗಳದ ಬಾವಿಗಳನ್ನು, ಹಗೆತನದ ಬಾವಿಗಳನ್ನು ದಾಟಿ, ಎಲ್ಲರಿಗೂ ಸ್ಥಳವಿರುವ ಬಾವಿಯನ್ನು ತೋಡುವ ಶಕ್ತಿಯನ್ನು ನಮಗೆ ದಯಪಾಲಿಸಿರಿ. ನಿಮ್ಮ ಕಟ್ಟಳೆ ಕಲ್ಲಿನ ಹಲಗೆಯ ಮೇಲಷ್ಟೇ ಉಳಿಯದೆ, ನಾವು ನೀಡುವ ನೀರಿನ ಲೋಟದಲ್ಲೂ ಇರಲಿ. ಆಮೆನ್.